ವಿಸ್ಟಾಡೋಮ್ ಸೀಟು, ಐಆರ್‌ಸಿಟಿಸಿ ಷೇರು

ರಜೆ ಮುಗಿಸಿ ಕುವೈತಿಗೆ ಮರಳುವ ನಮ್ಮೂರಿನವರ ಬಾಯಲ್ಲಿ ಚಿನ್ನದ ದರ, ಮಂಗಳೂರಿನ ಫ್ಲ್ಯಾಟ್ ಬೆಲೆಯ ಜೊತೆಗೆ ಈಗ ಇನ್ನೊಂದು ಮಾತು ಸೇರಿದೆ: ವಿಸ್ಟಾಡೋಮ್. ಇಲ್ಲಿ ಹರಿಯುವ ನದಿಯಿಲ್ಲ, ಓಡುವ ರೈಲೂ ಇಲ್ಲ. ಹಾಗಾಗಿ ಗಾಜಿನ ಚಾವಣಿಯ ಬೋಗಿಯಲ್ಲಿ ಕೂತು ಘಟ್ಟ ಹತ್ತಿ ಬಂದವರು ವಾರಗಟ್ಟಲೆ ಅದರ ವಿಡಿಯೋ ತೋರಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ನನ್ನ ಆಫೀಸಿನ ಪುತ್ತೂರಿನ ಹುಡುಗ ಮಾತ್ರ ವಿಡಿಯೋ ತೋರಿಸಿ ಸುಮ್ಮನಾಗಲಿಲ್ಲ. "ಸರ್, ಸೀಟೇ ಸಿಗದಷ್ಟು ರಶ್. ಐಆರ್‌ಸಿಟಿಸಿ ಷೇರು ತಗೊಳ್ಳಲಾ? ಮೂರು ಲಕ್ಷ ಇದೆ" ಅಂದ. ಆ ಮೂರು ಲಕ್ಷ ಯಾವುದೆಂದು ಕೇಳಿದೆ. ಮುಂದಿನ ವರ್ಷ ಅಮ್ಮನ ಮಂಡಿ ಆಪರೇಷನ್ನಿಗೆಂದು ತೆಗೆದಿಟ್ಟದ್ದು!

ಮೊದಲು ಪ್ರಯಾಣದ ಮಾತು. ಯಶವಂತಪುರ–ಮಂಗಳೂರು ಹಗಲು ರೈಲಿಗೆ ಈ ಬೋಗಿ ಬಂದದ್ದು 2021ರ ಜುಲೈಯಲ್ಲಿ. ಒಂದು ಬೋಗಿಗೆ 44 ಸೀಟು, ತಿರುಗುವಂಥವು. ಮಂಗಳೂರಿನಿಂದ ಹೊರಟರೆ ಪಾಣೆಮಂಗಳೂರಿನಲ್ಲಿ ನೇತ್ರಾವತಿ, ಮುಂದೆ ಕುಮಾರಧಾರೆಯ ಸೀಮೆ. ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಸಕಲೇಶಪುರದವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ, 109 ಸೇತುವೆ. ಸುರಂಗದ ಕತ್ತಲೆ ಕಳೆದು ಹೊರಬಿದ್ದರೆ ಕೆಳಗೆ ಕೆಂಪುಹೊಳೆಯ ಕಣಿವೆ. ಮೇಲೆ ಹೇಮಾವತಿ ಸಿಗುವ ಹೊತ್ತಿಗೆ ನೀರಿನ ದಿಕ್ಕೇ ಬದಲಾಗಿರುತ್ತದೆ: ಕೆಳಗಿನದೆಲ್ಲ ಅರಬ್ಬಿ ಸಮುದ್ರಕ್ಕೆ, ಇದು ಕಾವೇರಿಗೆ. ಮಧ್ಯಾಹ್ನದ ಊಟ ಸರಿಯಾಗಿ ಘಟ್ಟದಲ್ಲೇ ಬೀಳುತ್ತದೆ. ನೀರುದೋಸೆಯ ಬುತ್ತಿ ಬಿಚ್ಚಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಈಗ ಷೇರು. ನಮಗೆ ಖುಷಿ ಕೊಟ್ಟ ವಸ್ತುವಿನ ಕಂಪನಿಯನ್ನು ಕೊಳ್ಳಬೇಕೆಂಬ ವಾದ ಕೇಳಲು ಚೆನ್ನ. ಆದರೆ ಹಣ ಯಾರ ಜೇಬಿಗೆ ಹೋಗುತ್ತದೆ ನೋಡಿ. ಟಿಕೆಟ್ ದರ ರೈಲ್ವೆಗೆ. ಆನ್‌ಲೈನ್‌ನಲ್ಲಿ ಕಾಯ್ದಿರಿಸಿದರೆ ಐಆರ್‌ಸಿಟಿಸಿಗೆ ಸಿಗುವುದು ಎಸಿ ಟಿಕೆಟ್ಟಿಗೆ 30 ರೂಪಾಯಿ ಸೇವಾಶುಲ್ಕ, ಯುಪಿಐ ಆದರೆ 20. ಬುತ್ತಿ ಮನೆಯದಾದರೆ ಊಟದಿಂದಲೂ ಏನಿಲ್ಲ. ಬೋಗಿ ತುಂಬಿದೆ ಎಂಬುದರಿಂದ ಈ ಕಂಪನಿಯ ಲಾಭದ ಬಗ್ಗೆ ಏನೂ ತಿಳಿಯುವುದಿಲ್ಲ.

ಆ ಶುಲ್ಕವೂ ಸರ್ಕಾರದ ಮರ್ಜಿಯದು. 2016ರ ನೋಟು ರದ್ದತಿಯ ಬಳಿಕ ತೆಗೆದರು, 2019ರಲ್ಲಿ ಮತ್ತೆ ಹಾಕಿದರು. 2021ರ ಅಕ್ಟೋಬರ್ 28ರಂದು, ಅದರಲ್ಲಿ ಅರ್ಧ ರೈಲ್ವೆಗೆ ಕೊಡಬೇಕೆಂಬ ಸೂಚನೆ ಬಂತು. ಮರುದಿನ ಷೇರು ಕುಸಿಯಿತು, ಅದೇ ದಿನ ಸೂಚನೆ ವಾಪಸಾಯಿತು. ಒಂದು ಪತ್ರಕ್ಕೆ ಇಷ್ಟು ನಡುಗುವ ಷೇರು ಅದು. 2019ರ ಐಪಿಒದಲ್ಲಿ 320 ರೂಪಾಯಿಗೆ ಸಿಕ್ಕವರು ಭಾಗ್ಯವಂತರು, ಒಪ್ಪುತ್ತೇನೆ. 2021ರ ಅಕ್ಟೋಬರ್‌ನ ಶಿಖರದಲ್ಲಿ ಕೊಂಡವರು ಮಾತ್ರ ವರ್ಷಗಳ ನಂತರವೂ ಆ ಬೆಲೆ ಮತ್ತೆ ಕಾಣಲಿಲ್ಲ. ಕಂಪನಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷ ಮುಟ್ಟದ ಹಣವಿದ್ದರೆ, ಬೆಲೆ ನೋಡಿ, ಯೋಚಿಸಬಹುದು.

ಆಪರೇಷನ್ ದುಡ್ಡಿಗೆ ಆ ಹತ್ತು ವರ್ಷ ಇಲ್ಲ. ಲಾಭವೇ ಬಂತು ಅಂದುಕೊಳ್ಳಿ: ಕುವೈತಿನಲ್ಲಿ ಆದಾಯ ತೆರಿಗೆ ಇಲ್ಲದಿದ್ದರೂ, ಭಾರತದಲ್ಲಿ ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ ಶೇ 20 ತೆರಿಗೆ, ಎನ್‌ಆರ್‌ಐಗಳಿಗೆ ಅದು ಟಿಡಿಎಸ್ ಆಗಿ ಮೊದಲೇ ಕಡಿತ. ನಷ್ಟವಾದರೆ ಆಸ್ಪತ್ರೆ ಕಾಯುವುದಿಲ್ಲ. ಎನ್‌ಆರ್‌ಇ ಎಫ್‌ಡಿಯಲ್ಲಿ ಇಡು ಅಂದೆ. ಬೇಜಾರಿನ ಸಲಹೆ, ಗೊತ್ತು. ಅಲ್ಲಿ ಒಂದು ವರ್ಷ ಪೂರ್ತಿಯಾದರೆ ಬಡ್ಡಿಯೂ ಬರುತ್ತದೆ, ಭಾರತದಲ್ಲಿ ತೆರಿಗೆಯೂ ಇಲ್ಲ.

ಇನ್ನೊಂದು ಪ್ರಶ್ನೆ ಕೇಳಿದೆ: ಅಮ್ಮ ಈ ರೈಲು ಹತ್ತಿದ್ದಾರಾ? ಇಲ್ಲವಂತೆ, ಈತ ಹೋದದ್ದು ಗೆಳೆಯರ ಜೊತೆ. ಎರಡು ಸೀಟಿನ ಖರ್ಚು ಅವನು ಕೊಳ್ಳಹೊರಟ ಷೇರಿನ ಮುಂದೆ ಲೆಕ್ಕಕ್ಕೇ ಇಲ್ಲ. ಆಪರೇಷನ್ ಆಗಿ ನಡೆದಾಡುವಂತಾದ ಮೇಲೆ, ಆದರೆ ಮುಂದಿನ ರಜೆಯಲ್ಲೇ, ಅಂತ ತೀರ್ಮಾನವಾಯಿತು.

ಗಲ್ಫಿನವರಿಗೆ ಒಂದು ಕಿವಿಮಾತು. ನಾವು ವಿಮಾನದ ಟಿಕೆಟ್ ಆರು ತಿಂಗಳ ಮುಂಚೆ ಮಾಡುತ್ತೇವೆ, ಆದರೆ 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ ಸಿಗುವುದು 60 ದಿನ ಮುಂಚೆ ಮಾತ್ರ. ಬುಕಿಂಗ್ ತೆರೆಯುವುದು ಭಾರತದ ಬೆಳಿಗ್ಗೆ ಎಂಟಕ್ಕೆ, ಅಂದರೆ ಕುವೈತಿನ ಐದೂವರೆಗೆ. ಮಳೆಗಾಲವೇ ಚಂದ, ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿ ಮುಚ್ಚಿತ್ತು; ವಾಪಸ್ ವಿಮಾನದ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಹುಡುಗ ಫೋನಿನಲ್ಲಿ ಅಲಾರಂ ಇಟ್ಟಾಯಿತು.