ಕಡಲ ಮೇಲಣ ಪಾಠಶಾಲೆ

ನಾಲ್ಕು ಗೋಡೆಗಳಿಲ್ಲದೆ ವಿದ್ಯೆಯಿಲ್ಲವೆಂದು ವಾದಿಸುವವನು ನಾನಲ್ಲ. ಹಾಯಿದೋಣಿಯನ್ನೇ ಮನೆಯಾಗಿಸಿಕೊಂಡು ದೇಶದೇಶಗಳನ್ನು ಸುತ್ತುವ ಕೆಲವು ಪಾಶ್ಚಾತ್ಯ ದಂಪತಿಗಳು ತಮ್ಮ ಎಳೆಯ ಮಕ್ಕಳಿಗೆ ತಾವೇ ಅಕ್ಷರಾಭ್ಯಾಸ ಮಾಡಿಸುವುದುಂಟು. ಅಮೆರಿಕದ ಬಾಲ್ಟಿಮೋರ್ ನಗರದ ಕ್ಯಾಲ್ವರ್ಟ್ ಶಾಲೆಯು ಅಂಚೆಯ ಮೂಲಕ ಮನೆಪಾಠವನ್ನು 1906ರಲ್ಲಿಯೇ ಆರಂಭಿಸಿತು. ಅದರ ಪಾಠಗಳನ್ನು ಕಡಲಯಾತ್ರಿಕರೂ ಬಳಸಿದರು. ನಕ್ಷೆಯಲ್ಲಿ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿ, ಉಬ್ಬರವಿಳಿತಗಳ ವೇಳೆಯನ್ನು ಲೆಕ್ಕಹಾಕುವ ಬಾಲಕನಿಗೆ ಭೂಗೋಳವೂ ಗಣಿತವೂ ನಿತ್ಯದ ಬಾಳುವೆಯೇ ಆಗುತ್ತವೆ. ಇದು ಮೆಚ್ಚತಕ್ಕ ಮಾತು.

ಆದರೆ ಇಷ್ಟಕ್ಕೇ ತಲೆದೂಗಲಾಗದು. 1976ರಲ್ಲಿ ಏಳು ವರ್ಷದ ಇಂಗ್ಲಿಷ್ ಬಾಲಕಿಯೊಬ್ಬಳು ತಂದೆತಾಯಿಗಳೊಡನೆ ‘ವೇವ್‌ವಾಕರ್’ ಎಂಬ ಹಾಯಿಹಡಗನ್ನೇರಿದಳು. ಸುಮಾರು ಒಂದು ದಶಕದ ಕಾಲ ಅದೇ ಅವಳ ಮನೆಯಾಯಿತು. ಶಾಲೆಗಾಗಿ, ಒಡನಾಡಿಗಳಿಗಾಗಿ ಹಂಬಲಿಸಿದ ಆಕೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಅಂಚೆಪಾಠಗಳನ್ನು ತಾನಾಗಿ ಓದಿ, ಕೊನೆಗೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದಳು. ಆಕೆಯೇ ಸುಜಾನ್ ಹೇವುಡ್. 2023ರಲ್ಲಿ ಪ್ರಕಟವಾದ ಅವರ ಆತ್ಮಕಥನವು ಆ ಹಂಬಲದ ಕಥೆ. ಅವರ ಗೆಲುವು ಅವರ ಛಲದ ಫಲ. ಎಲ್ಲ ಮಕ್ಕಳಿಂದಲೂ ಅಂಥ ಛಲವನ್ನು ನಿರೀಕ್ಷಿಸುವುದು ನ್ಯಾಯವೇ?

ಕಡಲು ಎಷ್ಟನ್ನೋ ತೋರಿಸೀತು. ತಪ್ಪನ್ನು ತಿದ್ದಲು ಗುರುವೇ ಬೇಕು. ದಿನನಿಯಮ, ತಿದ್ದುವ ಕಣ್ಣು, ಕೂಡಿ ಕಲಿಯುವ ಗೆಳೆಯರು, ಈ ಮೂರನ್ನು ಒದಗಿಸಬಲ್ಲ ತಂದೆತಾಯಿಗಳು ಧಾರಾಳವಾಗಿ ಹಾಯಿ ಬಿಚ್ಚಲಿ. ದೊಡ್ಡವರಿಗೆ ಬೇಸರವಾದರೆ ಯಾವ ಬಂದರಿನಲ್ಲಾದರೂ ಇಳಿದಾರು. ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದ ‘ನನಗೆ ಶಾಲೆ ಬೇಕು’ ಎಂದು ಮಗು ಬಾಯಿಬಿಟ್ಟು ಕೇಳಿದ ದಿನ ದೋಣಿಯು ದಡದತ್ತ ತಿರುಗಲೇಬೇಕು.