ಮೊದಲು ಆಸ್ಪತ್ರೆ ಏಳಲಿ, ಆಡಳಿತ ಭವನ ಕಾಯಲಿ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ ರಾಮನಗರಕ್ಕೆ ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ನಮ್ಮಲ್ಲಿ ಒಂದು ತಲೆಮಾರು ಶಾಲೆ ಮುಗಿಸಿ ಕೆಲಸ ಹುಡುಕಿಕೊಂಡು ಹೋಗಿದೆ. ಅರ್ಚಕರಹಳ್ಳಿ ಬಳಿ ಜಾಗ ಎಂದಾಗಿ ಒಂದೂವರೆ ದಶಕ ದಾಟಿತು. ಭೂಸ್ವಾಧೀನ, ಪರಿಹಾರದ ತಕರಾರು, ಕೋರ್ಟು, ಸರ್ಕಾರ ಬದಲಾವಣೆ, ಮತ್ತೆ ಘೋಷಣೆ. ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷದವರೂ ಇದು ನಮ್ಮದೇ ಕೂಸು ಎಂದರು.

ಕ್ಯಾಂಪಸ್ ಬೇಕೋ ಬೇಡವೋ ಎಂಬ ಚರ್ಚೆ ಇನ್ನು ಸಾಕು. ಬೇಕು. ಆದರೆ ಆ ಜಾಗದಲ್ಲಿ ಮೊದಲು ಏಳುವ ಕಟ್ಟಡ ಯಾವುದು ಎಂದು ಕೇಳುವವರು ಕಡಿಮೆ. ಆಡಳಿತ ಭವನವೋ, ಆಸ್ಪತ್ರೆಯೋ? ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಕ್ಯಾಂಪಸ್ ನಮ್ಮ ಜನರಿಗೋ ಅಥವಾ ಜಯನಗರದ ಕಚೇರಿಗೆ ಜಾಗ ಸಾಲದ್ದಕ್ಕೋ ಎಂಬುದು ತೀರ್ಮಾನವಾಗುತ್ತದೆ.

ಈ ವಿಶ್ವವಿದ್ಯಾಲಯ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ನೋಡೋಣ. 1996ರಲ್ಲಿ ಶುರುವಾದ ಇದರ ಮುಖ್ಯ ಕೆಲಸ ಸಂಯೋಜನೆ ಮತ್ತು ಪರೀಕ್ಷೆ. ರಾಜ್ಯದ ವೈದ್ಯಕೀಯ, ದಂತ, ನರ್ಸಿಂಗ್, ಫಾರ್ಮಸಿ, ಆಯುಷ್, ಅರೆವೈದ್ಯಕೀಯ ಕಾಲೇಜುಗಳಿಗೆ ಮಾನ್ಯತೆ ಕೊಡುವುದು, ಪ್ರಶ್ನೆಪತ್ರಿಕೆ ಕಳಿಸುವುದು, ಮೌಲ್ಯಮಾಪನ ಮಾಡುವುದು, ಪದವಿ ಕೊಡುವುದು. ಪಾಠ, ವಾರ್ಡು, ರೋಗಿ ಎಲ್ಲ ಇರುವುದು ಕಾಲೇಜುಗಳಲ್ಲಿ. ಇದೇ ಕೆಲಸ ಬೆಂಗಳೂರಿನಿಂದ ರಾಮನಗರಕ್ಕೆ ಬಂದರೆ ನಮಗೆ ಸಿಗುವುದು ನಾಲ್ಕು ಜೆರಾಕ್ಸ್ ಅಂಗಡಿ, ಎರಡು ಹೋಟೆಲು, ಮಾರ್ಕ್ಸ್ ಕಾರ್ಡ್ ತಿದ್ದಿಸಿಕೊಳ್ಳಲು ಬಂದವರ ಸಾಲು. ಅಷ್ಟಕ್ಕಾಗಿ ರೈತರು ಜಮೀನು ಬಿಟ್ಟುಕೊಡಬೇಕಿತ್ತೇ?

ಎಂಬಿಬಿಎಸ್ ಸೀಟಿನ ವಿಷಯದಲ್ಲೂ ಇಷ್ಟೇ. ವೈದ್ಯಕೀಯ ಕಾಲೇಜು ಕನಕಪುರಕ್ಕೆ ಹೋಗುತ್ತದೆ ಎಂದು 2023ರ ಸೆಪ್ಟೆಂಬರ್‌ನಲ್ಲಿ ರಾಮನಗರ ಬಂದ್ ಆಯಿತು. ಊರಿನವರ ಸಿಟ್ಟು ನಿಜವಾದದ್ದೇ. ಆದರೆ ಕಾಲೇಜು ಯಾವ ಊರಿಗೆ ಎಂಬ ಗದ್ದಲದಲ್ಲಿ ಹಾಸಿಗೆಗಳ ಲೆಕ್ಕ ಹಿಂದೆ ಬಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ 100 ಸೀಟಿನ ಕಾಲೇಜಿಗೆ ಕನಿಷ್ಠ 420 ಹಾಸಿಗೆಯ ಆಸ್ಪತ್ರೆ ಬೇಕು, 150 ಸೀಟಿಗೆ 605. ಇಲ್ಲಿ ಒಂದು ಸುಲಭದ ದಾರಿ ಇದೆ. ಇರುವ ಜಿಲ್ಲಾ ಆಸ್ಪತ್ರೆಯನ್ನೇ ಬೋಧಕ ಆಸ್ಪತ್ರೆ ಎಂದು ಕರೆದು ಸೀಟು ಪಡೆಯುವುದು. 2014ರಿಂದ ಕೇಂದ್ರದ ಯೋಜನೆಯಡಿ ದೇಶದಾದ್ಯಂತ ಜಿಲ್ಲಾ ಆಸ್ಪತ್ರೆಗಳಿಗೆ ಹೊಂದಿಕೊಂಡೇ ಹೊಸ ಕಾಲೇಜುಗಳು ಬಂದಿವೆ. ಅದು ತಪ್ಪಲ್ಲ. ತಜ್ಞರು ಹೆಚ್ಚಾದರೆ, ಐಸಿಯು, ರಕ್ತನಿಧಿ, ಅಪಘಾತ ಚಿಕಿತ್ಸಾ ಘಟಕ ಸೇರಿಕೊಂಡರೆ ಊರಿಗೆ ಲಾಭ. ಹಳೇ ಹಾಸಿಗೆಗೆ ಹೊಸ ಬೋರ್ಡು ಹಾಕಿದರೆ ವಿದ್ಯಾರ್ಥಿಗೂ ಲಾಭವಿಲ್ಲ, ರೋಗಿಗೂ ಇಲ್ಲ.

‘ಬೆಂಗಳೂರು 50 ಕಿಲೋಮೀಟರ್ ದೂರದಲ್ಲೇ ಇದೆಯಲ್ಲ, ನಿಮಗೇಕೆ ದೊಡ್ಡಾಸ್ಪತ್ರೆ?’ ಎನ್ನುವವರಿದ್ದಾರೆ. ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿನಲ್ಲಿ ಹೋಗುವವರಿಗೆ ಅದು ಸರಿ. ಕನಕಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯಿಂದ, ಮಾಗಡಿ ಕಡೆಯ ಒಳಹಳ್ಳಿಯಿಂದ ಹೊರಡುವವರಿಗೆ ಎರಡು ಬಸ್ಸು, ಒಂದು ದಿನದ ಕೂಲಿ, ಜೊತೆಗೊಬ್ಬರ ಕೂಲಿ, ಊಟ, ಆಟೊ ಎಲ್ಲ ಲೆಕ್ಕಕ್ಕೆ ಬರುತ್ತದೆ. ‘ವಿಕ್ಟೋರಿಯಾಕ್ಕೆ ಬರೆದುಕೊಟ್ಟಿದ್ದಾರೆ’, ‘ನಿಮ್ಹಾನ್ಸ್‌ಗೆ ಕಳಿಸಿದ್ದಾರೆ’ ಎಂಬ ಮಾತನ್ನು ಅಪಘಾತದ ಸುದ್ದಿ ಬರೆಯುವ ನಾವೆಲ್ಲ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಹೆದ್ದಾರಿ ನಮ್ಮ ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ತಲೆಗೆ ಪೆಟ್ಟು ಬಿದ್ದವರಿಗೆ ಮೊದಲ ಒಂದು ಗಂಟೆ ಎಷ್ಟು ಮುಖ್ಯ ಎಂದು ವೈದ್ಯರೇ ಹೇಳುತ್ತಾರೆ. ಆ ಗಂಟೆಯನ್ನು ಆಂಬುಲೆನ್ಸ್ ಕೆಂಗೇರಿ ಟ್ರಾಫಿಕ್‌ನಲ್ಲಿ ಕಳೆಯಬೇಕೇ?

ಆರೋಗ್ಯ ಕ್ಯಾಂಪಸ್ ಎಂದರೆ ಈಗ ‘ನಾವೀನ್ಯತಾ ಕೇಂದ್ರ’ ಎಂಬ ಮಾತೂ ಜೊತೆಗೇ ಬರುತ್ತದೆ. ಗಾಜಿನ ಕಟ್ಟಡ, ಸ್ಟಾರ್ಟಪ್, ಕೃತಕ ಬುದ್ಧಿಮತ್ತೆ ಎಲ್ಲ ಬರಲಿ. ಆದರೆ ಯಾವ ರೋಗಕ್ಕೆ, ಯಾರ ತೊಂದರೆಗೆ? ರಾಮನಗರದಲ್ಲಿರುವುದು ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ. ನೂಲು ಬಿಚ್ಚುವ ಮನೆಗಳಲ್ಲಿ ದಿನವಿಡೀ ಬಿಸಿನೀರಿನಲ್ಲಿ ಕೈಯಾಡಿಸುವ ಹೆಂಗಸರ ಬೆರಳಿನ ಚರ್ಮ ಏನಾಗುತ್ತದೆ, ಆ ಹೊಗೆ ಮತ್ತು ಆವಿಯಲ್ಲಿ ಉಸಿರಾಟ ಏನಾಗುತ್ತದೆ ಎಂದು ನೋಡಲು ಇದಕ್ಕಿಂತ ಹತ್ತಿರದ ಜಾಗ ಯಾವುದಿದೆ? ಕಲ್ಲು ಕ್ವಾರಿಯ ದೂಳು ತುಂಬಿದ ಶ್ವಾಸಕೋಶ, ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರ ಕಣ್ಣು ಮತ್ತು ಕೆಮ್ಮು, ಬಿಡದಿಯ ಶಿಫ್ಟ್ ಕೆಲಸಗಾರರ ನಿದ್ದೆ, ಇವೆಲ್ಲವೂ ಸಂಶೋಧನೆಯ ವಿಷಯಗಳೇ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಕರ್ನಾಟಕ 2024ರಲ್ಲಿ ಸೇರಿಸಿತು. ಕಚ್ಚಿಸಿಕೊಂಡವರನ್ನು ದೂರ ಸಾಗಿಸದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಧೈರ್ಯವಾಗಿ ಔಷಧ ಕೊಡುವಂತೆ ವೈದ್ಯರನ್ನೂ ನರ್ಸುಗಳನ್ನೂ ತಯಾರು ಮಾಡುವುದು ಕೂಡ ನಾವೀನ್ಯತೆಯೇ.

ಇದು ಕನಸಿನ ಮಾತಲ್ಲ, ಕರ್ನಾಟಕದಲ್ಲೇ ಆಗಿರುವ ಕೆಲಸ. 1980ರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಗೆ ಹೋಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮತ್ತು ಸಿಬ್ಬಂದಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು, ಮಾತ್ರೆ ಕೊಡುವುದನ್ನು ಕಲಿಸಿದರು. ಅದಕ್ಕೆ ‘ಬಳ್ಳಾರಿ ಮಾದರಿ’ ಎಂದೇ ಹೆಸರಾಯಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರುವುದು ಅದರ ಮೇಲೆ. ಅಲ್ಲಿ ಗಾಜಿನ ಕಟ್ಟಡ ಬೇಕಾಗಲಿಲ್ಲ. ದೊಡ್ಡ ಸಂಸ್ಥೆ ಹಳ್ಳಿಯ ಆಸ್ಪತ್ರೆಯ ಬಾಗಿಲಿಗೆ ಹೋಯಿತು, ಅಷ್ಟೇ. ನಮ್ಮ ಕ್ಯಾಂಪಸ್‌ನಿಂದ ‘ರಾಮನಗರ ಮಾದರಿ’ ಅಂತ ಒಂದು ಬರಬಾರದೇಕೆ?

ಜಮೀನು ಕೊಟ್ಟವರ ಮಾತನ್ನೂ ಇಲ್ಲಿ ಆಡಲೇಬೇಕು. ಪರಿಹಾರದ ಚೆಕ್ಕು ಕೊಟ್ಟ ಮಾತ್ರಕ್ಕೆ ಋಣ ತೀರಿತು ಎಂದುಕೊಳ್ಳುವುದು ಸರಿಯಲ್ಲ. ಹೊರಗುತ್ತಿಗೆಯಲ್ಲಿ ಸೆಕ್ಯುರಿಟಿ ಗಾರ್ಡ್ ಮತ್ತು ಕಸ ಗುಡಿಸುವ ಕೆಲಸ ಕೊಟ್ಟು ‘ಸ್ಥಳೀಯರಿಗೆ ಉದ್ಯೋಗ’ ಎಂದು ಲೆಕ್ಕ ತೋರಿಸುವುದನ್ನು ನಾವು ಬೇರೆ ಕಡೆ ನೋಡಿದ್ದೇವೆ. ಆ ಮನೆಗಳ ಹೆಣ್ಣುಮಕ್ಕಳು, ಗಂಡುಮಕ್ಕಳು ಅಲ್ಲೇ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ಡಯಾಲಿಸಿಸ್ ಟೆಕ್ನಿಷಿಯನ್ ಕೋರ್ಸು ಓದಿ ಅದೇ ಆಸ್ಪತ್ರೆಯಲ್ಲಿ ಸಂಬಳ ಎಣಿಸುವಂತಾಗಬೇಕು. ಅದಕ್ಕೆ ಶುಲ್ಕದಲ್ಲಿ ರಿಯಾಯಿತಿ ಬೇಕು, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ವರ್ಷ ಭಾಷೆಯ ಆಸರೆ ಬೇಕು.

‘ವಿಶ್ವವಿದ್ಯಾಲಯದ ಕೆಲಸ ಆಸ್ಪತ್ರೆ ನಡೆಸುವುದಲ್ಲ, ಅದಕ್ಕೆ ಆರೋಗ್ಯ ಇಲಾಖೆ ಇದೆ’ ಎಂಬ ವಾದವೂ ಉಂಟು. ಆಸ್ಪತ್ರೆ ನಡೆಸುವುದು ಕಷ್ಟ ಎಂಬುದು ನಿಜ. ಕಟ್ಟಡಕ್ಕೆ ಒಂದು ಸಲ ಹಣ ಕೊಟ್ಟರಾಯಿತು, ಆಸ್ಪತ್ರೆಗೆ ಪ್ರತಿ ತಿಂಗಳೂ ಬೇಕು. ಆದರೆ ರೋಗಿಯಿಲ್ಲದೆ ವೈದ್ಯ ವಿದ್ಯೆ ಕಲಿಸುವುದು ಕೆರೆಯಿಲ್ಲದೆ ಈಜು ಕಲಿಸಿದಂತೆ. ಪರೀಕ್ಷೆ ನಡೆಸುವ ಸಂಸ್ಥೆ ತಾನೂ ಒಂದು ವಾರ್ಡು ನಡೆಸಿದರೆ ತಾನು ತಪಾಸಣೆ ಮಾಡುವ ಕಾಲೇಜುಗಳ ಕಷ್ಟ, ಕಳ್ಳಾಟ ಎರಡೂ ಅದಕ್ಕೆ ಚೆನ್ನಾಗಿ ಅರ್ಥವಾಗುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಕಾಮಗಾರಿ ಯಾವ ಹಂತದಲ್ಲೇ ಇರಲಿ, ಯಾವ ಕಟ್ಟಡ ಯಾವ ವರ್ಷ ಮುಗಿಯುತ್ತದೆ, ಎಷ್ಟು ಹಾಸಿಗೆ, ಎಷ್ಟು ಹುದ್ದೆ ಎಂಬುದನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಹೊರರೋಗಿ ವಿಭಾಗ ಮತ್ತು ಅಪಘಾತ ಘಟಕ ಮೊದಲ ಹಂತದಲ್ಲೇ ತೆರೆಯಲಿ. ಕುಲಪತಿಗಳ ಕೊಠಡಿ ಕೊನೆಯ ಹಂತಕ್ಕಿರಲಿ. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಹೆಸರಿನ ಬಗ್ಗೆ ಜಗಳವಾಡುವವರು ಆಡಲಿ. ನಾವಂತೂ ಇನ್ನು ಮುಂದೆ ಈ ಕ್ಯಾಂಪಸ್ ಬಗ್ಗೆ ಸುದ್ದಿ ಬರೆಯುವಾಗ ಭೂಮಿಪೂಜೆಗೆ ಯಾರು ಬಂದರು ಎನ್ನುವುದಕ್ಕಿಂತ ಮೊದಲು ಹಾಸಿಗೆ ಎಷ್ಟಾಯಿತು ಎಂದು ಕೇಳಿ ಬರೆಯೋಣ.