ನೋಡತಕ್ಕ ಸ್ಥಳಗಳ ಪಟ್ಟಿಯಲ್ಲಿ ಮನುಷ್ಯರು

ಅಂಡಮಾನ್ ಪ್ರವಾಸದ ಯಾವ ಕರಪತ್ರವನ್ನು ಕೈಗೆತ್ತಿಕೊಂಡರೂ ಅದರ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲ ದಿನ ಪೋರ್ಟ್ ಬ್ಲೇರ್‌ನ ಸೆಲ್ಯುಲರ್ ಜೈಲು, ಸಂಜೆ ಅಲ್ಲಿಯೇ ಧ್ವನಿ-ಬೆಳಕಿನ ಪ್ರದರ್ಶನ. ಮರುದಿನ ರಾಸ್ ದ್ವೀಪದ ಪಾಳುಬಿದ್ದ ಬ್ರಿಟಿಷ್ ಬಂಗಲೆಗಳು. ಅನಂತರ ಹ್ಯಾವ್‌ಲಾಕ್‌ನ ರಾಧಾನಗರ ಕಡಲತೀರ, ನೀಲ್ ದ್ವೀಪದ ಸಹಜ ಕಲ್ಲುಸೇತುವೆ, ಗಾಜಿನ ತಳದ ದೋಣಿಯಲ್ಲಿ ಹವಳ ದರ್ಶನ. 2018ರ ಡಿಸೆಂಬರ್‌ನಲ್ಲಿ ಈ ಮೂರು ದ್ವೀಪಗಳಿಗೆ ಕ್ರಮವಾಗಿ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ, ಸ್ವರಾಜ್ ದ್ವೀಪ, ಶಹೀದ್ ದ್ವೀಪ ಎಂದು ಮರುನಾಮಕರಣವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಹೆಸರುಗಳು ಬದಲಾದರೂ ಪಟ್ಟಿ ಬದಲಾಗಲಿಲ್ಲ. ಅದರ ಕೊನೆಯ ಭಾಗದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ನಸುಕಿನಲ್ಲಿ ಹೊರಟು ಬಾರಾಟಾಂಗ್, ಸುಣ್ಣಕಲ್ಲಿನ ಗುಹೆಗಳು, ಕೆಸರಿನ ಜ್ವಾಲಾಮುಖಿ.

ಈ ಲೇಖನ ಬರೆಯುತ್ತಿರುವುದು ಆ ಒಂದು ಸಾಲಿನ ವಿರುದ್ಧ.

ಓದುಗ ಮಿತ್ರರು ತಪ್ಪು ತಿಳಿಯಬಾರದು. ಬಾರಾಟಾಂಗ್‌ನ ಗುಹೆಗಳು ನಿಜಕ್ಕೂ ಸುಂದರವಾದುವು. ಕಾಂಡ್ಲಾ ಕಾಡಿನ ನಡುವಿನ ಕಿರಿದಾದ ಹಿನ್ನೀರಿನಲ್ಲಿ ದೋಣಿಯ ಪಯಣ, ಅನಂತರ ಕಾಲ್ನಡಿಗೆ, ಕೊನೆಗೆ ಸಹಸ್ರಾರು ವರ್ಷಗಳಿಂದ ತೊಟ್ಟಿಕ್ಕಿದ ನೀರು ಕೆತ್ತಿದ ಕಲ್ಲಿನ ಆಕೃತಿಗಳು. ಇವುಗಳ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ಪ್ರಶ್ನೆಯಿರುವುದು ಅಲ್ಲಿಗೆ ತಲಪುವ ದಾರಿಯದು. ಪಟ್ಟಿಯಲ್ಲಿ ಅಚ್ಚಾಗದ, ಆದರೆ ಬಹುಪಾಲು ಪ್ರವಾಸಿಗರಿಗೆ ಮೊದಲೇ ಗೊತ್ತಿರುವ ಆಕರ್ಷಣೆಯೊಂದು ಆ ದಾರಿಯಲ್ಲಿದೆ: ಅದೃಷ್ಟವಿದ್ದರೆ "ಕಾಡುಜನ" ಕಾಣಸಿಗುತ್ತಾರೆ.

ಮನೆಯ ನಡುವೆ ಹೆದ್ದಾರಿ

ಆ ಜನ ಜರವಾಗಳು. ದಕ್ಷಿಣ ಮತ್ತು ಮಧ್ಯ ಅಂಡಮಾನ್‌ನ ಪಶ್ಚಿಮ ಭಾಗದ ಕಾಡು ಮತ್ತು ಕಡಲಂಚು ಅವರ ನೆಲೆ. ಬೇಟೆ, ಮೀನು, ಜೇನು, ಗೆಡ್ಡೆಗೆಣಸು ಅವರ ಜೀವನಾಧಾರ. 1956ರ ಆದಿಮ ಬುಡಕಟ್ಟುಗಳ ರಕ್ಷಣಾ ನಿಯಮಾವಳಿಯ ಪ್ರಕಾರ 1957ರಲ್ಲಿ ಸರ್ಕಾರವೇ ಆ ಪ್ರದೇಶವನ್ನು ಜರವಾ ಮೀಸಲು ಪ್ರದೇಶವೆಂದು ಘೋಷಿಸಿತು. 2011ರ ಜನಗಣತಿಯಲ್ಲಿ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಒಟ್ಟು ಜನಸಂಖ್ಯೆ 3,80,581. ಜರವಾಗಳು 380 ಮಂದಿ. ಎಂದರೆ ಸಾವಿರಕ್ಕೆ ಒಬ್ಬರು.

ಮೀಸಲು ಎಂದು ಘೋಷಿಸಿದ ಅದೇ ಆಡಳಿತ ಅದೇ ನೆಲದ ನಡುವೆ ಅಂಡಮಾನ್ ಟ್ರಂಕ್ ರಸ್ತೆಯನ್ನು ಸೀಳಿತು. ಎಪ್ಪತ್ತರ ದಶಕದಲ್ಲಿ ಕಾಮಗಾರಿ ನಡೆಯುತ್ತಿದ್ದಾಗ ಜರವಾಗಳು ಬಿಲ್ಲುಬಾಣಗಳಿಂದ ಅದನ್ನು ಪ್ರತಿರೋಧಿಸಿದರು. ಯಾವ ಕಚೇರಿಗೂ ಅರ್ಜಿ ಕೊಡಲರಿಯದ ಜನರ ಆಕ್ಷೇಪಣಾ ಪತ್ರವೆಂದು ಆ ಬಾಣಗಳನ್ನು ಓದಬಹುದಾಗಿತ್ತು. ಯಾರೂ ಓದಲಿಲ್ಲ. ರಸ್ತೆ ಪೂರ್ಣಗೊಂಡಿತು. ಜಿರ್ಕಾಟಾಂಗ್ ತನಿಖಾ ಠಾಣೆಯಿಂದ ಮಿಡ್ಲ್ ಸ್ಟ್ರೇಟ್‌ನ ದೋಣಿಗಟ್ಟೆಯವರೆಗಿನ ಐವತ್ತು ಕಿಲೋಮೀಟರಿಗೆ ತುಸು ಕಡಿಮೆಯ ದಾರಿ ಜರವಾ ಮೀಸಲು ಪ್ರದೇಶದ ಮೂಲಕವೇ ಸಾಗುತ್ತದೆ. ವಾಹನಗಳು ನಿಗದಿತ ವೇಳೆಗೆ ಸಾಲುಗಟ್ಟಿ, ಪೊಲೀಸ್ ಬೆಂಗಾವಲಿನಲ್ಲಿ ಹೊರಡುತ್ತವೆ. ನಡುವೆ ನಿಲ್ಲಿಸಕೂಡದು, ಛಾಯಾಚಿತ್ರ ತೆಗೆಯಕೂಡದು, ತಿನಿಸು ಕೊಡಕೂಡದು. ನಿಯಮಗಳು ಇಷ್ಟು ಸ್ಪಷ್ಟವಾಗಿರುವುದೇ ಅಲ್ಲಿ ಏನು ನಡೆಯುತ್ತ ಬಂದಿದೆ ಎಂಬುದಕ್ಕೆ ಸಾಕ್ಷಿ.

1996ರಲ್ಲಿ ಕಾಲು ಮುರಿದುಕೊಂಡು ಸಿಕ್ಕಿದ ಜರವಾ ಹುಡುಗನೊಬ್ಬನಿಗೆ ಪೋರ್ಟ್ ಬ್ಲೇರ್‌ನಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನೀಡಿ ಮರಳಿ ಕಾಡಿಗೆ ಬಿಡಲಾಯಿತು. 1997ರ ಕೊನೆಯಿಂದ ಜರವಾಗಳು ಬಾಣಗಳಿಲ್ಲದೆ ರಸ್ತೆಗೂ ಹತ್ತಿರದ ಊರುಗಳಿಗೂ ಬರತೊಡಗಿದರು. ಅವರು ಹಗೆಯನ್ನು ಬದಿಗಿಟ್ಟು ಹೊರಬಂದಾಗ ಎದುರಾದುದೇನು? 1999ರಲ್ಲಿ ದಡಾರ ಮತ್ತು ನ್ಯುಮೋನಿಯ. 2006ರಲ್ಲಿ ಮತ್ತೆ ದಡಾರ. ಇವುಗಳ ಜೊತೆಗೆ ರಸ್ತೆಯಂಚಿನಲ್ಲಿ ಬಿಸ್ಕತ್ತು, ಬಾಳೆಹಣ್ಣು, ತಂಬಾಕು. ಕೊನೆಗೆ 2012ರ ಜನವರಿಯಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಪ್ರಕಟಿಸಿದ ದೃಶ್ಯಾವಳಿಯನ್ನು ಲೋಕವೇ ನೋಡಿತು: ತಿನಿಸಿನ ಆಸೆಗೆ ಜರವಾ ಹೆಣ್ಣುಮಕ್ಕಳನ್ನು ಪ್ರವಾಸಿಗರ ಮುಂದೆ ಕುಣಿಯುವಂತೆ ಮಾಡಲಾಗಿತ್ತು. ದೇಶ ಕೆಲವು ದಿನ ನಾಚಿಕೊಂಡಿತು. ಅದೇ ವರ್ಷ ಕಾನೂನಿನ ಶಿಕ್ಷೆಯನ್ನು ಹೆಚ್ಚಿಸಲಾಯಿತು. ವಾಹನಗಳ ಸಾಲು ಮಾತ್ರ ನಿಲ್ಲಲಿಲ್ಲ.

ನ್ಯಾಯಾಲಯ ಹೇಳಿದ್ದು, ಆಡಳಿತ ಮಾಡಿದ್ದು

ನಿಲ್ಲಿಸಬೇಕೆಂದು ಯಾರೂ ಹೇಳಲಿಲ್ಲವೆಂದಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ಶೇಖರ್ ಸಿಂಗ್ ಆಯೋಗದ ವರದಿಯ ಆಧಾರದ ಮೇಲೆ 2002ರ ಮೇ 7ರಂದು ನ್ಯಾಯಾಲಯವು ಜರವಾ ಮೀಸಲು ಪ್ರದೇಶದೊಳಗಿನ ರಸ್ತೆಯ ಭಾಗಗಳನ್ನು ಮುಚ್ಚುವಂತೆ ಆದೇಶಿಸಿತು. ಇಪ್ಪತ್ತು ವರ್ಷಗಳು ಮೀರಿದರೂ ಆ ಆದೇಶದ ಈ ಅಂಶ ಕಾಗದದಲ್ಲಿಯೇ ಉಳಿದಿದೆ. 2013ರ ಜನವರಿಯಲ್ಲಿ ಅದೇ ನ್ಯಾಯಾಲಯ ಪ್ರವಾಸಿಗರ ಸಂಚಾರವನ್ನು ತಾತ್ಕಾಲಿಕವಾಗಿ ತಡೆಯಿತು. ಆ ವಾರಗಳಲ್ಲಿ ರಸ್ತೆಯ ವಾಹನ ಸಂಚಾರ ಗಣನೀಯವಾಗಿ ತಗ್ಗಿತು. ಮಾರ್ಚ್‌ನಲ್ಲಿ ತಡೆ ತೆರವಾಯಿತು. ಸಾಲು ಮತ್ತೆ ಬೆಳೆಯಿತು. ಆ ರಸ್ತೆಯ ದಟ್ಟಣೆಯಲ್ಲಿ ರಜೆಯ ಪಾಲು ಎಷ್ಟು ದೊಡ್ಡದು ಎಂಬುದನ್ನು ಈ ವಾರಗಳೇ ತೋರಿಸಿಕೊಟ್ಟವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದ ಆಕ್ಷೇಪವೂ ಹೌದು. ಮಧ್ಯ ಮತ್ತು ಉತ್ತರ ಅಂಡಮಾನ್‌ನಲ್ಲಿ ನೆಲಸಿರುವ ರೈತರು, ಕೂಲಿಕಾರರು ಬಹುಪಾಲು ದೇಶವಿಭಜನೆಯ ತರುವಾಯ ಸರ್ಕಾರವೇ ಕರೆತಂದು ನೆಲೆಗೊಳಿಸಿದ ನಿರಾಶ್ರಿತ ಕುಟುಂಬಗಳವರು. ಅವರಿಗೆ ಆಸ್ಪತ್ರೆ ಬೇಡವೆ? ಅವರ ಮಕ್ಕಳು ಕಾಲೇಜಿಗೆ ಹೋಗುವುದು ಬೇಡವೆ? ಬಾರಾಟಾಂಗ್‌ನ ದೋಣಿಯವರು ಹೊಟ್ಟೆ ಹೊರೆಯುವುದು ಹೇಗೆ?

ಬೇಕು. ಗುಡ್ಡಗಾಡಿನಲ್ಲಿ ಬದುಕುವ ನಮಗೆ, ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ಹೊಳೆ ದಾಟಿಸಿದವರಿಗೆ, ದಾರಿಯ ಬೆಲೆ ಏನೆಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಹೆರಿಗೆ ನೋವಿನ ಹೆಣ್ಣುಮಗಳನ್ನು ಹೊತ್ತ ವಾಹನವನ್ನೂ ಕ್ಯಾಮೆರಾ ಹಿಡಿದ ಪ್ರವಾಸಿಗರ ವಾಹನವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಮೊದಲನೆಯದರ ಹೆಸರಿನಲ್ಲಿ ಎರಡನೆಯದಕ್ಕೆ ಪರವಾನಗಿ ಪಡೆಯುವ ತರ್ಕವನ್ನು ನಾವು ಒಪ್ಪಲಾರೆವು. ನಿವಾಸಿಯ ಅಗತ್ಯ ಬೇರೆ, ಅತಿಥಿಯ ಕುತೂಹಲ ಬೇರೆ. ದ್ವೀಪಗಳಲ್ಲಿ ಸಮುದ್ರವೇ ಹೆದ್ದಾರಿ. ರಂಗತ್, ಮಾಯಾಬಂದರ್, ದಿಗ್ಲಿಪುರಗಳಿಗೆ ಹಡಗಿನ ದಾರಿ ಹೊಸತೇನಲ್ಲ. ಹಡಗುಗಳನ್ನು ಹೆಚ್ಚಿಸಿ, ವೇಳೆಗೆ ಸರಿಯಾಗಿ ಓಡಿಸಿದರೆ ನಿವಾಸಿಗೂ ಅನುಕೂಲ. ಬಾರಾಟಾಂಗ್‌ಗೆ ಸಮುದ್ರದಿಂದಲೇ ಪ್ರವಾಸಿಗರು ಬಂದರೆ ದೋಣಿಯವನ ದುಡಿಮೆಗೂ ಕುಂದಿಲ್ಲ. ಕುಂದುಂಟಾಗುವುದು ನಸುಕಿನ ಆ ಕುತೂಹಲದ ವ್ಯಾಪಾರಕ್ಕೆ ಮಾತ್ರ.

ಹಿಂದೆ ಏನಾಗಿತ್ತು

ಇದು ಅತಿಯಾದ ಆತಂಕವೆಂದು ಭಾವಿಸುವವರು ಅದೇ ದ್ವೀಪಗಳ ಇತಿಹಾಸವನ್ನು ಓದಬೇಕು. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರ್‌ನಲ್ಲಿ ಕೈದಿಗಳ ವಸಾಹತು ತೆರೆದಾಗ ಗ್ರೇಟ್ ಅಂಡಮಾನೀಸ್ ಜನರು ಸಾವಿರಗಳ ಸಂಖ್ಯೆಯಲ್ಲಿದ್ದರು. 1859ರಲ್ಲಿ ಅವರು ಅಬರ್ಡೀನ್ ಎಂಬಲ್ಲಿ ವಸಾಹತಿನ ಮೇಲೆ ಬಿಲ್ಲುಬಾಣ ಹಿಡಿದು ದಾಳಿಯಿಟ್ಟು ಸೋತರು. ಆಮೇಲೆ ಅವರನ್ನು "ನಾಗರಿಕ"ರನ್ನಾಗಿಸಲು ಆಶ್ರಯಗೃಹಗಳನ್ನು ತೆರೆಯಲಾಯಿತು. ಉಣಿಸು ಕೊಟ್ಟರು, ಬಟ್ಟೆ ಕೊಟ್ಟರು, ರೋಗವನ್ನೂ ಕೊಟ್ಟರು. 1877ರ ದಡಾರ ಊರೂರನ್ನೇ ಗುಡಿಸಿಹಾಕಿತು. 1901ರ ಗಣತಿಯಲ್ಲಿ ಉಳಿದವರು 625. 1931ರಲ್ಲಿ 90. 1961ರಲ್ಲಿ 19. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ವೃದ್ಧೆ ತೀರಿಕೊಂಡಾಗ ಬೋ ಎಂಬ ಭಾಷೆಯನ್ನಾಡುವವರು ಭೂಮಿಯ ಮೇಲೆ ಇಲ್ಲವಾದರು. ಅವರು ಕೊನೆಯ ವರ್ಷಗಳಲ್ಲಿ ತಮ್ಮ ಭಾಷೆಯಲ್ಲಿ ಮಾತನಾಡಲು ಜೊತೆಯಿಲ್ಲದೆ ಬದುಕಿದ್ದರು.

ಈ ವಿನಾಶವನ್ನು ಉಂಟುಮಾಡಿದವರೆಲ್ಲರೂ ಕ್ರೂರಿಗಳಾಗಿರಲಿಲ್ಲ. ಅನೇಕರು ಒಳ್ಳೆಯ ಮನಸ್ಸಿನಿಂದಲೇ ಹತ್ತಿರ ಹೋದವರು. ಬಿಸ್ಕತ್ತು ಎಸೆಯುವ ಪ್ರವಾಸಿಯೂ ಬಹುಶಃ ಒಳ್ಳೆಯವನೇ. ಅವನ ನೆಗಡಿ ಮಾತ್ರ ಅವನ ಮನಸ್ಸನ್ನು ಕೇಳಿ ಹರಡುವುದಿಲ್ಲ.

ಪಟ್ಟಿ ಬೆಳೆಯುತ್ತಲೇ ಇದೆ ಎಂಬುದನ್ನೂ ಗಮನಿಸಬೇಕು. ದ್ವೀಪಸಮೂಹದ ದಕ್ಷಿಣ ತುದಿಯ ಗ್ರೇಟ್ ನಿಕೋಬಾರ್‌ನಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಪ್ರವಾಸೋದ್ಯಮವನ್ನೂ ಒಳಗೊಂಡ ಹೊಸ ಪಟ್ಟಣದ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆಯಿತು. ಸುಮಾರು 130 ಚದರ ಕಿಲೋಮೀಟರ್ ಅರಣ್ಯ ಇದಕ್ಕಾಗಿ ವಿನಿಯೋಗವಾಗಬೇಕು. ತೊಗಲುಬೆನ್ನಿನ ಕಡಲಾಮೆಗಳು ಮೊಟ್ಟೆಯಿಡಲು ಬರುವ ಗಲಾಥಿಯಾ ಕೊಲ್ಲಿಯ ಅಭಯಾರಣ್ಯವನ್ನು 2021ರಲ್ಲಿಯೇ ರದ್ದುಗೊಳಿಸಲಾಗಿತ್ತು. ಆ ಕಾಡಿನ ಶೋಂಪೆನ್ ಜನರು 2011ರ ಗಣತಿಯಲ್ಲಿ 229. ಅವರಿಗೆ ಯಾವ ತೊಂದರೆಯೂ ಆಗದೆಂದು ಯೋಜನೆಯ ಸಮರ್ಥಕರು ಭರವಸೆ ಕೊಡುತ್ತಾರೆ. 1957ರ ಮೀಸಲು ಘೋಷಣೆಯೂ ಒಂದು ಭರವಸೆಯೇ ಆಗಿತ್ತು.

ನಮಗೇಕೆ ಈ ಮಾತು?

ಕಡಲಾಚೆಯ ಈ ವಿಚಾರ ಬೆಟ್ಟದ ಊರಿನ ಪತ್ರಿಕೆಗೆ ಏಕೆಂದು ಯಾರಾದರೂ ಕೇಳಿಯಾರು. ನಮ್ಮ ಊರುಗಳ ಕುಟುಂಬಗಳೂ ಕಾಲೇಜು ವಿದ್ಯಾರ್ಥಿಗಳೂ ಇಂದು ಅಂಡಮಾನ್‌ಗೆ ಹೋಗುತ್ತಿದ್ದಾರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ಹತ್ತಿರದ್ದು. ನಾವೂ ಯಾರದೋ ಪಟ್ಟಿಯ ಒಂದು ಸಾಲು. ನಮ್ಮ ಜಲಪಾತ, ನಮ್ಮ ಬೆಟ್ಟದ ನೆತ್ತಿ, ನಮ್ಮ ಕಾಡಿನ ಹಾಡಿಗಳು ವಾರಾಂತ್ಯದ ನೋಟಗಳಾಗಿವೆ. ನಾಗರಹೊಳೆಯ ಕಾಡಿನೊಳಗೆ ಹೋಟೆಲ್ ತೆರೆಯಲು ಅರಣ್ಯಭೂಮಿಯನ್ನು ಕೊಟ್ಟಾಗ ಅಲ್ಲಿನ ಆದಿವಾಸಿಗಳು ಹೋರಾಡಿದರು; 1997ರಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರವೆಂದಿತು. ಬಂಡೀಪುರದ ಹೆದ್ದಾರಿಗಳಲ್ಲಿ 2009ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿಷೇಧವನ್ನು ಅನೇಕ ಒತ್ತಡಗಳ ನಡುವೆಯೂ ಕಾಪಾಡಿಕೊಂಡು ಬರಲಾಗಿದೆ. ಆನೆ, ಹುಲಿಗಳಿಗಾಗಿ ರಸ್ತೆಗೆ ರಾತ್ರಿ ಬಾಗಿಲು ಹಾಕಬಹುದೆಂದು ಒಪ್ಪಿದ ದೇಶ, ಮುನ್ನೂರ ಎಂಬತ್ತು ಮನುಷ್ಯರಿಗಾಗಿ ಪ್ರವಾಸಿಗರ ಸಾಲನ್ನು ತಡೆಯಲಾರದೆ?

ಕೆಲವು ಕಡೆ ತಡೆಯೂ ಸಾಧ್ಯವಾಗಿದೆ. ಚಲನಚಿತ್ರವೊಂದರಿಂದ ಜಗತ್ಪ್ರಸಿದ್ಧವಾಗಿ ದೋಣಿಗಳ ಭಾರಕ್ಕೆ ಹವಳ ನಾಶವಾದ ಮಾಯಾ ಕೊಲ್ಲಿಯನ್ನು ಥೈಲ್ಯಾಂಡ್ 2018ರಲ್ಲಿ ಮುಚ್ಚಿ, 2022ರವರೆಗೆ ತೆರೆಯಲಿಲ್ಲ. ಅದೇ 2018ರಲ್ಲಿ ಫಿಲಿಪ್ಪೀನ್ಸ್ ತನ್ನ ಅತಿ ಹೆಚ್ಚು ಆದಾಯದ ಬೊರಾಕಾಯ್ ದ್ವೀಪಕ್ಕೆ ಆರು ತಿಂಗಳು ಬೀಗ ಹಾಕಿತು. ಅಂಡಮಾನ್‌ನಲ್ಲಿಯೇ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಸರದಿಯಂತೆ ತೆರೆದು ಮುಚ್ಚುವ, ಪ್ಲಾಸ್ಟಿಕ್ ಒಯ್ಯಗೊಡದ ಕ್ರಮವಿದೆ. ಹವಳಕ್ಕೆ ಕೊಟ್ಟ ಬಿಡುವನ್ನು ಮನುಷ್ಯರಿಗೆ ಕೊಡಲು ಅಡ್ಡಿಯೇನು?

ಆದುದರಿಂದ ನಮ್ಮ ಮನವಿ ಇಷ್ಟೇ. ಹೋಗುವವರು ಹೋಗಿ. ಸೆಲ್ಯುಲರ್ ಜೈಲಿನ ಉಳಿದ ಮೂರು ಶಾಖೆಗಳ ಕೋಣೆಗಳಲ್ಲಿ ನಿಂತು ಅಲ್ಲಿ ಸವೆದವರನ್ನು ನೆನೆಯಿರಿ. ಹಾಗೆಯೇ ಪೋರ್ಟ್ ಬ್ಲೇರ್‌ನಲ್ಲಿರುವ ಅಬರ್ಡೀನ್ ಕಾಳಗದ ಚಿಕ್ಕ ಸ್ಮಾರಕವನ್ನು ಹುಡುಕಿಕೊಂಡು ಹೋಗಿ. ಆ ನೆಲದ ಮೊದಲ ಸ್ವಾತಂತ್ರ್ಯ ಹೋರಾಟಗಾರರು ಅಲ್ಲಿ ಬಿದ್ದವರು. ಕಡಲಲ್ಲಿ ಮೀಯಿರಿ, ಹವಳವನ್ನು ತುಳಿಯಬೇಡಿ, ಚಿಪ್ಪನ್ನು ಚೀಲಕ್ಕೆ ಹಾಕಬೇಡಿ. ಬಾರಾಟಾಂಗ್‌ನ ಸಾಲು ಬಂದಾಗ ಮಾತ್ರ ಪ್ರವಾಸದ ಏಜೆಂಟನಿಗೆ ಹೇಳಿ: ರಸ್ತೆಯ ಮೂಲಕವಾದರೆ ಅದನ್ನು ಹೊಡೆದುಹಾಕಿ. ಏಕೆಂದು ಕೇಳಿದರೆ ಕಾರಣವನ್ನೂ ಹೇಳಿ. ಕಾಲೇಜಿನ ಪ್ರವಾಸವಾದರೆ ಅಧ್ಯಾಪಕರಿಗೆ ಮೊದಲೇ ಪತ್ರ ಬರೆದು ಕೊಡಿ. ನ್ಯಾಯಾಲಯದ ಆದೇಶ ಇಪ್ಪತ್ತು ವರ್ಷಗಳಲ್ಲಿ ಮಾಡಲಾಗದ್ದನ್ನು ಗಿರಾಕಿಯ ನಿರಾಕರಣೆ ನಾಲ್ಕು ಹಂಗಾಮುಗಳಲ್ಲಿ ಮಾಡೀತು.

ನಾಳೆ ಯಾರೋ ನಮ್ಮ ಹಾಡಿಯ ಮುಂದೆ ವಾಹನ ನಿಲ್ಲಿಸಿ, ಗಾಜು ಇಳಿಸಿ, ನಮ್ಮ ಮಕ್ಕಳ ಕಡೆಗೆ ಬಿಸ್ಕತ್ತು ಎಸೆದರೆ ನಮಗೆ ಏನೆನಿಸೀತೆಂದು ಯೋಚಿಸೋಣ. ಆ ಉತ್ತರ ಗೊತ್ತಿರುವ ನಾವು ಆ ವಾಹನದಲ್ಲಿ ಕೂರಬಾರದು.